ಸಣ್ಣ ಪ್ರಕಾಶಕರು, ದೊಡ್ಡ ಪ್ರಶಸ್ತಿಗಳು

(ಶತಮಾನೋತ್ಸವದ ಸಾಹಿತ್ಯ ಗೋಷ್ಠಿಯಲ್ಲಿ ಪುಸ್ತಕ ಉಪಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವದ ನೆನಪಿಗಾಗಿ ಮಕ್ಕಳ ಕನ್ನಡ ಪುಸ್ತಕವೊಂದಕ್ಕೆ ಪ್ರತಿವರ್ಷ ಬಹುಮಾನ ಕೊಡಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳ ಮಂಡಳಿ ನಿಶ್ಚಯಿಸಿರುವುದು ತಮಗೆಲ್ಲ ತಿಳಿದಿದೆ. ಅದಕ್ಕೆ ಹಣ ಕೂಡಿಸುವ ಕೆಲಸ ನಾವೆಣಿಸಿದುದಕ್ಕಿಂತ ಸುಲಭವಾಯಿತು. ಶಿರೋಳಿಯ ಕಾರಖಾನೆಗಳಲ್ಲಿ ದುಡಿಯುವ ಮಿತ್ರರು, ಇಚಲಕರಂಜಿಯ ಮಗ್ಗದ ಮಾಲಿಕರು, ಗಡಹಿಂಗ್ಲಜದ ಶಿಕ್ಷಕರು, ಪುಣೆ ಮುಂಬಯಿಗಳಲ್ಲಿ ನೆಲೆಸಿದವರು, ಕೇಳಿದವರೆಲ್ಲ ಕೈ ನೀಡಿದರು. ನಿಯಮ ಬರೆಯುವ ಕೆಲಸ ಮಾತ್ರ ನಮ್ಮ ಹಲವು ಸಂಜೆಗಳನ್ನು ತೆಗೆದುಕೊಂಡಿತು. ಬಹುಮಾನ ಯಾರಿಗೆ ಎಂಬುದು ಆಮೇಲಿನ ಮಾತು; ಬಹುಮಾನದ ಬಾಗಿಲಲ್ಲಿ ಯಾರು ಬಂದು ನಿಲ್ಲಬಲ್ಲರು ಎಂಬ ಪ್ರಶ್ನೆಯೇ ನಮ್ಮನ್ನು ತಡೆದು ನಿಲ್ಲಿಸಿತು. ವರ್ಷಕ್ಕೆ ನೂರು ಪುಸ್ತಕ ಹೊರಡಿಸುವ ಸಂಸ್ಥೆಯೂ, ಮನೆಯ ಪಡಸಾಲೆಯಲ್ಲಿ ಕುಳಿತು ವರ್ಷಕ್ಕೆ ಎರಡು ಪುಸ್ತಕ ಹೊರಡಿಸುವ ಗಂಡಹೆಂಡಿರೂ ಒಂದೇ ಸಾಲಿನಲ್ಲಿ ನಿಂತರೆ ಅದನ್ನು ಸಮಾನತೆ ಎನ್ನಬೇಕೆ, ಅನ್ಯಾಯವೆನ್ನಬೇಕೆ? ಈ ಪ್ರಶ್ನೆಯನ್ನು ತಮ್ಮೆದುರು ಬಿಚ್ಚಿಡುವುದೇ ಇಂದಿನ ಮಾತಿನ ಉದ್ದೇಶ.

ನಮ್ಮ ಮಕ್ಕಳಿಗೂ ಈ ಪ್ರಶ್ನೆಗೂ ಏನು ಸಂಬಂಧವೆಂದು ಪಾಲಕರು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ಮಹಾರಾಷ್ಟ್ರದ ಕನ್ನಡ ಶಾಲೆಗಳ ಪಠ್ಯಪುಸ್ತಕಗಳು ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲಿಯೇ ಅಚ್ಚಾಗಿ ಬರುತ್ತವೆ. ಅದಕ್ಕಾಗಿ ನಾವು ಕೃತಜ್ಞರು. ಆದರೆ ಪಠ್ಯದ ಆಚೆಗೆ ಮಗು ತಾನಾಗಿ ಎತ್ತಿಕೊಂಡು ಓದುವ ಕತೆಯ ಪುಸ್ತಕ, ಹಕ್ಕಿಯ ಪುಸ್ತಕ, ಚಿತ್ರದ ಪುಸ್ತಕ ಗಡಿ ದಾಟಿ ಬರಬೇಕು. ಕೊಲ್ಹಾಪುರದ ಅಂಗಡಿಗಳಲ್ಲಿ ಅವು ಸುಲಭವಾಗಿ ಸಿಗುವುದಿಲ್ಲ. ಹಾಗಿರುವಾಗ ಯಾವ ಪುಸ್ತಕದ ಹೆಸರು ಇಲ್ಲಿಯವರೆಗೆ ಕೇಳಿಬರುತ್ತದೆ? ಪ್ರಶಸ್ತಿ ಬಂದ ಪುಸ್ತಕದ ಹೆಸರು. ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಗುರುಗಳು ಪತ್ರಿಕೆಯಲ್ಲಿ ಕಂಡ ಪ್ರಶಸ್ತಿಯ ಪಟ್ಟಿಯನ್ನೇ ಕೈಗೆತ್ತಿಕೊಳ್ಳುತ್ತಾರೆ. ಆ ಪಟ್ಟಿ ಹೇಗೆ ತಯಾರಾಯಿತೋ ಅದರ ಮೇಲೆ ನಮ್ಮ ಮಗುವಿನ ಕೈಗೆ ಬರುವ ಪುಸ್ತಕ ನಿಂತಿದೆ.

ಕನ್ನಡದಲ್ಲಿ ಪುಸ್ತಕ ಹೊರಡಿಸಿ ಹಂಚುವವರ ಕತೆ ಅಚ್ಚಿನ ಮೊಳೆಗಳಿಗಿಂತ ಬಹಳ ಹಳೆಯದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದವಳೂ ಅವಳೇ. ಈ ಭಾಗದ ಜೈನ ಬಂಧುಗಳಿಗೆ ಆ ತಾಯಿಯ ಹೆಸರನ್ನು ನಾವು ಹೊಸದಾಗಿ ಹೇಳಬೇಕಾಗಿಲ್ಲ. ತಾಳೆಗರಿಯ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರು, ಎಷ್ಟು ತಿಂಗಳುಗಳು, ಎಷ್ಟು ಅನ್ನ! ಇಂದಿಗೂ ಅನೇಕ ಕನ್ನಡ ಪುಸ್ತಕಗಳ ಮೊದಲ ಮುದ್ರಣ ಸಾವಿರ ಪ್ರತಿಗಳನ್ನು ಮುಟ್ಟುವುದಿಲ್ಲವೆಂಬುದನ್ನು ನೆನೆದರೆ ಆಕೆಯ ಕೆಲಸದ ತೂಕ ತಿಳಿಯುತ್ತದೆ. ಕರ್ನಾಟಕ ಸರಕಾರ ಆಕೆಯ ಹೆಸರಿನಲ್ಲಿ ದಾನಚಿಂತಾಮಣಿ ಪ್ರಶಸ್ತಿಯನ್ನಿಟ್ಟಿದೆ. ಅದು ಸಲ್ಲುವುದು ಲೇಖಕಿಯರಿಗೆ. ಸಲ್ಲತಕ್ಕದ್ದೇ. ಆದರೂ ಕನ್ನಡದ ಮೊದಲ ದೊಡ್ಡ ಪ್ರಕಾಶಕಿಯ ಹೆಸರು ಪ್ರಕಾಶಕರ ಪಾಲಿಗೆ ಇಲ್ಲದೆ ಹೋಯಿತಲ್ಲ ಎಂದು ನಮಗೆ ಒಮ್ಮೊಮ್ಮೆ ಅನಿಸುವುದುಂಟು.

ಅಚ್ಚಿನ ಕಾಲ ಬಂದ ಮೇಲೆ ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ಹೊತ್ತು ಊರೂರು ಅಲೆದು ಮಾರಿದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರೂ ಅವರೇ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಅವರು ಹತ್ತಿರದವರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಬಂಡವಾಳವಿರಲಿಲ್ಲ. ಓದುಗರು ಮುಂಗಡವಾಗಿ ಚಂದಾ ಕೊಡುವುದು, ಮಾಲೆಯ ಪುಸ್ತಕಗಳು ಅವರ ಮನೆಗೆ ತಲುಪುವುದು, ಇದೇ ವ್ಯವಸ್ಥೆ. ಆ ಅಟ್ಟದ ಮೇಲಿನ ಕಚೇರಿಯಿಂದ 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’, 1964ರಲ್ಲಿ ‘ತುಘಲಕ್’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದವು. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂದಿತು: ಅನಂತಮೂರ್ತಿಯವರಿಗೆ 1994ರಲ್ಲಿ, ಕಾರ್ನಾಡರಿಗೆ 1998ರಲ್ಲಿ. ಹೆಸರಿಲ್ಲದ ತರುಣರ ಮೊದಲ ಹಸ್ತಪ್ರತಿಗಳನ್ನು ಓದಿ, ನಷ್ಟದ ಭಯವನ್ನು ಪಕ್ಕಕ್ಕಿಟ್ಟು ಅಚ್ಚಿಗೆ ಕಳಿಸಿದ್ದು ಒಂದು ಸಣ್ಣ ಸಂಸ್ಥೆ. ಸಣ್ಣ ಪ್ರಕಾಶಕನ ಕೆಲಸವೆಂದರೆ ಬಹುಮಟ್ಟಿಗೆ ಇದೇ: ಬೀಜ ಬಿತ್ತುವುದು ಅವನ ಪಾಲು, ಸುಗ್ಗಿ ಬರುವುದು ಬಹಳ ತಡವಾಗಿ, ಅದೂ ಬೇರೊಬ್ಬರ ಕಣದಲ್ಲಿ.

ಈಗ ನಮ್ಮ ಕಾಲದ ದೊಡ್ಡ ಸುದ್ದಿಗೆ ಬರೋಣ. 2025ರ ಮೇ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು. ಅನುವಾದಕಿ ಮಡಿಕೇರಿಯ ದೀಪಾ ಭಾಸ್ತಿ. 50,000 ಪೌಂಡುಗಳ ಬಹುಮಾನವನ್ನು ಲೇಖಕಿಯೂ ಅನುವಾದಕಿಯೂ ಸಮವಾಗಿ ಹಂಚಿಕೊಂಡರು. 1990ರಿಂದ 2023ರವರೆಗೆ ಬರೆದ 12 ಕತೆಗಳ ಸಂಕಲನವದು. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ನಮ್ಮ ಶಾಲೆಯಲ್ಲಿಯೂ ಅಂದು ಸಕ್ಕರೆ ಹಂಚಿದ್ದು ಹಲವರಿಗೆ ನೆನಪಿರಬಹುದು. ಆದರೆ ಆ ಪುಸ್ತಕವನ್ನು ಮೊದಲು ಹೊರತಂದವರು ಯಾರೆಂಬುದನ್ನು ಸಂಭ್ರಮದಲ್ಲಿ ಹೆಚ್ಚು ಜನ ಗಮನಿಸಲಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಎಂಬ ಉಕ್ಕಿನ ಊರಿನಲ್ಲಿರುವ ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಪ್ರಕಾಶನ ಅದು. 2009ರಲ್ಲಿ ಹುಟ್ಟಿದ್ದು. ಅದು ನಡೆಯುವ ಬಗೆಯನ್ನು ತಿಳಿದಾಗ ನಮಗೆ ಆಶ್ಚರ್ಯವಾಯಿತು: ಓದುಗರು ಮುಂಗಡ ಚಂದಾ ಕಟ್ಟುತ್ತಾರೆ, ವರ್ಷದ ಪುಸ್ತಕಗಳು ಮನೆಗೆ ಬರುತ್ತವೆ, ಚಂದಾದಾರರ ಹೆಸರುಗಳು ಪುಸ್ತಕದ ಕೊನೆಯಲ್ಲಿ ಅಚ್ಚಾಗುತ್ತವೆ. ಧಾರವಾಡದ ಅಟ್ಟದ ಮೇಲೆ 1933ರಲ್ಲಿ ಕಂಡುಕೊಂಡ ದಾರಿಯನ್ನೇ ಸಮುದ್ರದಾಚೆಯವರು ತಮ್ಮಷ್ಟಕ್ಕೆ ತಾವು ಕಂಡುಕೊಂಡಿದ್ದರು! ಬಡವರ ಉಪಾಯಗಳು ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯವೆಂದು ತೋರುತ್ತದೆ.

ಹಾಗಾದರೆ ಬೂಕರ್ ಸಣ್ಣವರಿಗೆ ನ್ಯಾಯ ಮಾಡುವ ಪ್ರಶಸ್ತಿಯೆಂದು ತೀರ್ಮಾನಿಸಿಬಿಡೋಣವೆ? ಅಷ್ಟು ಸರಳವಲ್ಲ. ಆ ವರ್ಷ ಕೊನೆಯ ಸುತ್ತಿಗೆ ಬಂದ ಆರೂ ಪುಸ್ತಕಗಳು ದೊಡ್ಡ ಒಕ್ಕೂಟಗಳಿಗೆ ಸೇರದ ಸ್ವತಂತ್ರ ಪ್ರಕಾಶಕರವು ಎಂಬುದು ನಿಜ. 2022ರಲ್ಲಿ ಗೀತಾಂಜಲಿ ಶ್ರೀಯವರ ಹಿಂದೀ ಕಾದಂಬರಿಯ ಅನುವಾದ ಗೆದ್ದಾಗಲೂ ಹೊರತಂದದ್ದು ‘ಟಿಲ್ಟೆಡ್ ಆಕ್ಸಿಸ್’ ಎಂಬ ಸಣ್ಣ ಪ್ರಕಾಶನವೇ. ಅನುವಾದಕ್ಕೆ ದೊಡ್ಡವರು ಹೆಚ್ಚು ಕೈಹಾಕದೆ ಇರುವುದರಿಂದ ಆ ಅಂಗಳ ಸಣ್ಣವರಿಗೆ ಉಳಿದಿದೆ. ಆದರೆ ಅದರ ಅಕ್ಕನಾದ ಮೂಲ ಬೂಕರ್ ಪ್ರಶಸ್ತಿಯ ನಿಯಮವನ್ನು ನೋಡಿರಿ. 2013ರಲ್ಲಿ ಅಮೆರಿಕದ ಲೇಖಕರಿಗೂ ಬಾಗಿಲು ತೆರೆದಾಗ ಪ್ರವೇಶದ ಲೆಕ್ಕವನ್ನೂ ಬದಲಿಸಿದರು. ಹಿಂದಿನ ಐದು ವರ್ಷಗಳಲ್ಲಿ ಯಾವ ಪುಸ್ತಕವೂ ಪ್ರಾಥಮಿಕ ಪಟ್ಟಿಗೆ ಬಾರದ ಪ್ರಕಾಶಕನು ಒಂದೇ ಪುಸ್ತಕವನ್ನು ಕಳಿಸಬಹುದು. ಒಂದೆರಡು ಸಲ ಬಂದಿದ್ದರೆ ಎರಡು. ಮೂರು ನಾಲ್ಕು ಸಲವಾದರೆ ಮೂರು. ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಬಂದವನಿಗೆ ನಾಲ್ಕು. ಇದ್ದವನಿಗೆ ಇನ್ನಷ್ಟು ಬಡಿಸುವ ಪಂಕ್ತಿಯಿದು. ನಿಯಮ ಮಾಡಿದವರ ವಾದವೂ ಇಲ್ಲದಿಲ್ಲ: ನಿರ್ಣಾಯಕರು ಒಂದು ವರ್ಷದಲ್ಲಿ ಓದಬಲ್ಲ ಪುಸ್ತಕಗಳಿಗೆ ಮಿತಿಯಿದೆ, ಒಳ್ಳೆಯದನ್ನು ಆರಿಸುವ ಕಣ್ಣು ಯಾರಿಗಿದೆಯೆಂದು ಹಿಂದಿನ ಸಾಧನೆಯಿಂದಲೇ ತಿಳಿಯಬೇಕು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮಗುವಿಗೆ ಮುಂದಿನ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಟ್ಟಂತಾಯಿತು ಎಂದು ನಮ್ಮ ಗಣಿತದ ಗುರುಗಳು ಹೇಳಿದರು. ನಮಗೂ ಹಾಗೆಯೇ ಕಂಡಿತು.

ಗೆದ್ದ ಮೇಲಿನ ಕಷ್ಟವನ್ನಂತೂ ಯಾರೂ ಎಣಿಸುವುದಿಲ್ಲ. 2019ರಲ್ಲಿ ನಾರಿಚ್ ಪಟ್ಟಣದ ‘ಗ್ಯಾಲಿ ಬೆಗರ್’ ಎಂಬ ಪುಟ್ಟ ಪ್ರಕಾಶನದ ಕಾದಂಬರಿಯೊಂದು ಬೂಕರಿನ ಅಂತಿಮ ಪಟ್ಟಿಗೆ ಬಂದಿತು. ದೊಡ್ಡ ಮಾರಾಟ ಸಂಸ್ಥೆಯೊಂದು ಅದರ ವಿಶೇಷ ಮುದ್ರಣಕ್ಕೆ ಬೇಡಿಕೆಯಿಟ್ಟಿತು. ಪುಸ್ತಕಗಳು ಅಚ್ಚಾಗಿ ಹೋದವು. ಡಿಸೆಂಬರಿನಲ್ಲಿ ಆ ಸಂಸ್ಥೆಯೇ ದಿವಾಳಿಯಾಯಿತು. ಪ್ರಕಾಶಕರಿಗೆ ಬರಬೇಕಾದ ಸುಮಾರು 40,000 ಪೌಂಡು ನಿಂತುಹೋಯಿತು. ಓದುಗರು ಚಂದಾ ಎತ್ತಿ ಕೊಟ್ಟದ್ದರಿಂದ ಬಾಗಿಲು ಮುಚ್ಚುವುದು ತಪ್ಪಿತು. ದೊಡ್ಡ ಸಂಸ್ಥೆಗೆ ಇಂಥ ಪೆಟ್ಟು ಲೆಕ್ಕಪತ್ರದ ಒಂದು ಸಾಲು. ಸಣ್ಣದಕ್ಕೆ ಪ್ರಾಣಕ್ಕೆ ಬಂದ ಕುತ್ತು. ಪ್ರಶಸ್ತಿ ಬಂದೊಡನೆ ಬೇಡಿಕೆ ಏರುತ್ತದೆ, ಮರುಮುದ್ರಣಕ್ಕೆ ಕಾಗದ ಕೊಳ್ಳಬೇಕು, ಮುದ್ರಣಾಲಯಕ್ಕೆ ಹಣ ಕಟ್ಟಬೇಕು, ಅಂಗಡಿಯವರು ಕೊಡುವುದು ಆರು ತಿಂಗಳ ಮೇಲೆ. ಇಚಲಕರಂಜಿಯಲ್ಲಿ ನಾಲ್ಕು ಮಗ್ಗಗಳನ್ನಿಟ್ಟುಕೊಂಡವರಿಗೆ ಈ ಸಂಕಟವನ್ನು ನಾವು ವಿವರಿಸಬೇಕಾಗಿಲ್ಲ. ದೊಡ್ಡ ಬೇಡಿಕೆ ಬಂದಾಗಲೇ ನೂಲಿನ ಸಾಲ ಕುತ್ತಿಗೆಗೆ ಬರುತ್ತದೆ.

ಪ್ರಶಸ್ತಿಯ ವ್ಯವಸ್ಥೆ ಬೇರೆ ಉದ್ಯಮಗಳಲ್ಲಿ ಹೇಗಿದೆಯೆಂದು ಹುಡುಕುತ್ತ ಹೋದಾಗ ನಮಗೆ ಬಹಳ ಉಪಯೋಗಕ್ಕೆ ಬಂದದ್ದು, ನಗಬೇಡಿರಿ, ಆಟದ ಹಲಗೆಗಳ ಲೋಕ. ನಮ್ಮ ಪಗಡೆ, ಚೌಕಾಬಾರ, ಅಳಗುಳಿಮಣೆಗಳಂತೆ ಮೇಜಿನ ಸುತ್ತ ಕುಳಿತು ಆಡುವ ಆಟಗಳನ್ನು ಹೊಸದಾಗಿ ರಚಿಸಿ ಪೆಟ್ಟಿಗೆಯಲ್ಲಿಟ್ಟು ಮಾರುವ ಪ್ರಕಾಶಕರು ಪಶ್ಚಿಮದಲ್ಲಿದ್ದಾರೆ. ಅವರಿಗೂ ‘ಪ್ರಕಾಶಕ’ ಎಂಬ ಹೆಸರೇ. ಅಲ್ಲಿಯೂ ಮನೆಯ ಮೂಲೆಯಲ್ಲಿ ಆಟ ಕಟ್ಟುವವರಿದ್ದಾರೆ, ಜಗತ್ತಿಗೆಲ್ಲ ಮಾರುವ ಕಂಪನಿಗಳಿವೆ, ಎರಡಕ್ಕೂ ಒಂದೇ ಪ್ರಶಸ್ತಿ ಸಾಕೆ ಎಂಬ ಜಗಳವಿದೆ. ಜರ್ಮನಿಯಲ್ಲಿ 1979ರಿಂದ ‘ಷ್ಪೀಲ್ ಡೆಸ್ ಯಾರೆಸ್’, ಅಂದರೆ ವರ್ಷದ ಆಟ, ಎಂಬ ಪ್ರಶಸ್ತಿಯನ್ನು ಕೊಡುತ್ತಾರೆ. ನಿರ್ಣಾಯಕರು ಆಟಗಳ ವಿಮರ್ಶಕರು; ಆಟ ತಯಾರಿಸುವವರೊಂದಿಗೆ ವ್ಯವಹಾರವಿಲ್ಲದವರು. ಆ ವರ್ಷ ಮಾರುಕಟ್ಟೆಗೆ ಬಂದ ಆಟಗಳನ್ನು ಅವರೇ ಆಡಿ ನೋಡಿ ಆರಿಸುತ್ತಾರೆ. ಹಣದ ಬಹುಮಾನವಿಲ್ಲ, ಗೆದ್ದ ಆಟದ ಪೆಟ್ಟಿಗೆಯ ಮೇಲೆ ಪ್ರಶಸ್ತಿಯ ಗುರುತನ್ನು ಹಾಕುವ ಪ್ರಕಾಶಕ ಆಮೇಲೆ ಅದಕ್ಕಾಗಿ ಶುಲ್ಕ ಕೊಡುತ್ತಾನೆ, ಪ್ರಶಸ್ತಿ ನಡೆಯುವುದು ಆ ಶುಲ್ಕದಿಂದ. ಕೊಡಬೇಕಾದುದನ್ನು ಲಾಭ ಬಂದ ಮೇಲೆ ಕೊಡುವುದು, ಬಾಗಿಲಲ್ಲಿ ಅಲ್ಲ. ಈ ಜಾಣತನ ನಮಗೆ ಮೆಚ್ಚಿಗೆಯಾಯಿತು.

ಅಮೆರಿಕದಲ್ಲಿ ಪಾತ್ರಗಳನ್ನು ವಹಿಸಿ ಆಡುವ ಆಟಗಳಿಗೆ 2001ರಿಂದ ‘ಎನ್ನಿ’ ಎಂಬ ಪ್ರಶಸ್ತಿಯಿದೆ. ಅಲ್ಲಿ ಜನರೇ ಆರಿಸಿದ ಐವರು ನಿರ್ಣಾಯಕರು ಪ್ರಕಾಶಕರು ಕಳಿಸಿದವುಗಳಲ್ಲಿ ಕೆಲವನ್ನು ಪಟ್ಟಿ ಮಾಡುತ್ತಾರೆ. ಅಂತಿಮ ತೀರ್ಪು ಸಾರ್ವಜನಿಕ ಮತದಾನದಿಂದ. ಕೇಳುವುದಕ್ಕೆ ಇದಕ್ಕಿಂತ ಪ್ರಜಾಸತ್ತಾತ್ಮಕವಾದುದು ಇಲ್ಲ. ಆದರೆ ಲಕ್ಷ ಜನ ಆಡಿದ ಆಟಕ್ಕೂ ಇನ್ನೂರು ಜನ ಆಡಿದ ಆಟಕ್ಕೂ ಮತ ಹಾಕಿಸಿದರೆ ಏನಾದೀತು? ಇನ್ನೂರು ಜನರೂ ಕೈಯೆತ್ತಿದರೂ ಲಕ್ಷದಲ್ಲಿ ನೂರಕ್ಕೆ ಒಬ್ಬನಂತೆ ಬಂದರೆ ಸಾಕು, ಸಾವಿರವಾಯಿತು. ಮತ ಎಣಿಸುವುದು ಎಷ್ಟು ಜನರಿಗೆ ಗೊತ್ತು ಎಂಬುದನ್ನು. ಎಷ್ಟು ಚೆನ್ನಾಗಿದೆ ಎಂಬುದನ್ನಲ್ಲ. ಪಟ್ಟಿ ಮಾಡುವ ಹಂತದಲ್ಲಿ ನಿರ್ಣಾಯಕರನ್ನಿಟ್ಟದ್ದರಿಂದ ಸಣ್ಣ ಪ್ರಕಾಶಕರ ಹೆಸರಾದರೂ ನಾಲ್ಕು ಜನರ ಕಿವಿಗೆ ಬೀಳುತ್ತದೆ, ಅಷ್ಟು ಉಪಕಾರ. ಮೊಬೈಲಿನಲ್ಲಿ ಮತ ಹಾಕಿಸಿ ಜನಪ್ರಿಯ ಪುಸ್ತಕವನ್ನು ಆರಿಸೋಣವೆಂದು ನಮ್ಮ ತರುಣ ಮಿತ್ರರು ಬಯಸಿದ್ದರು. ಅವರೂ ಈ ಲೆಕ್ಕವನ್ನು ಕಂಡು ಸುಮ್ಮನಾದರು.

ಕನ್ನಡ ನಾಡಿನ ಮಾತಿಗೆ ಮರಳೋಣ. 1993ರಲ್ಲಿ ಸ್ಥಾಪಿತವಾದ ಕನ್ನಡ ಪುಸ್ತಕ ಪ್ರಾಧಿಕಾರ ಪ್ರಕಾಶಕರನ್ನು ಗೌರವಿಸುತ್ತದೆ. ಇದು ಬೇರೆ ಭಾಷೆಯವರು ಅಸೂಯೆಪಡಬೇಕಾದ ಸಂಗತಿ. ಪುಸ್ತಕ ಸೊಗಸು ಎಂಬ ಬಹುಮಾನಗಳೂ ಇವೆ: ಪುಸ್ತಕದ ಅಂದಕ್ಕೆ, ಮುಖಪುಟಕ್ಕೆ, ಮಕ್ಕಳ ಪುಸ್ತಕಕ್ಕೆ. ಸೊಗಸನ್ನು ಅಳೆಯುವಾಗ ಒಂದು ಅಪಾಯವಿದೆಯೆಂದು ಮಾತ್ರ ನಮಗನಿಸುತ್ತದೆ. ನುಣುಪು ಕಾಗದ, ನಾಲ್ಕು ಬಣ್ಣದ ಚಿತ್ರ, ಗಟ್ಟಿ ರಟ್ಟು, ಇವೆಲ್ಲ ಹಣದ ಕೆಲಸ. ಅಕ್ಷರದ ಗಾತ್ರ ಮಗುವಿನ ಕಣ್ಣಿಗೆ ಹಿತವಾಗಿರುವುದು, ಸಾಲುಗಳ ನಡುವೆ ಉಸಿರಾಡಲು ಜಾಗವಿರುವುದು, ಒತ್ತಕ್ಷರ ತಪ್ಪದಿರುವುದು, ಚಿತ್ರ ಕತೆಯ ಜೊತೆಗೆ ನಡೆಯುವುದು, ಇವು ಶ್ರದ್ಧೆಯ ಕೆಲಸ. ಹೆಗ್ಗೋಡಿನ ಅಕ್ಷರ ಪ್ರಕಾಶನದ ಪುಸ್ತಕಗಳನ್ನು ಕೈಯಲ್ಲಿ ಹಿಡಿದವರಿಗೆ ಆಡಂಬರವಿಲ್ಲದೆಯೂ ಪುಸ್ತಕ ಎಷ್ಟು ಗಂಭೀರವಾಗಿ ಕಾಣಬಲ್ಲದೆಂಬುದು ಗೊತ್ತು. ನಮ್ಮ ಬಹುಮಾನದಲ್ಲಿ ಕಾಗದದ ನುಣುಪಿಗೆ ಅಂಕವಿಲ್ಲ. ಕರಡು ತಿದ್ದಿದ ಎಚ್ಚರಕ್ಕೆ ಇದೆ.

ಅಂಚೆಯ ಮಾತನ್ನೂ ಹೇಳಬೇಕು, ಅದು ಕ್ಷುಲ್ಲಕವಲ್ಲ. ಬಹುಮಾನಕ್ಕೆಂದು ನಾಲ್ಕೈದು ಪ್ರತಿಗಳನ್ನು ಪುಕ್ಕಟೆ ಕಳಿಸಿರೆಂದು ಕೇಳುವುದು ಎಲ್ಲೆಡೆಯೂ ರೂಢಿ. ಮುನ್ನೂರು ಪ್ರತಿ ಅಚ್ಚು ಹಾಕಿದವನು ವರ್ಷಕ್ಕೆ ಆರು ಬಹುಮಾನಗಳಿಗೆ ಐದೈದರಂತೆ ಕಳಿಸಿದರೆ ಮೂವತ್ತು ಪ್ರತಿ, ಅಂದರೆ ಹತ್ತರಲ್ಲೊಂದು ಪಾಲು, ಹೋಯಿತು. ಮೂರು ಸಾವಿರ ಹಾಕಿದವನಿಗೆ ಅದೇ ಮೂವತ್ತು ನೂರರಲ್ಲೊಂದು. ಮೇಲೆ ಅಂಚೆ ವೆಚ್ಚ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ನಿಲ್ಲಿಸಿದಾಗ ಅಂಚೆಯನ್ನೇ ನಂಬಿದ್ದ ಪ್ರಕಾಶಕರು ದಿಕ್ಕುತಪ್ಪಿದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ: 300 ಗ್ರಾಮಿಗೆ 20 ರೂಪಾಯಿಯಿಂದ ಐದು ಕಿಲೋಗೆ 100 ರೂಪಾಯಿಯವರೆಗೆ, ತೆರಿಗೆ ಬೇರೆ. ಸಮಾಧಾನದ ಸಂಗತಿ. ಆದರೂ ಪುಸ್ತಕದ ಬೆಲೆಯೇ ಐವತ್ತು ರೂಪಾಯಿಯಿದ್ದಾಗ ಅಂಚೆಗೆ ಇಪ್ಪತ್ತೆಂದರೆ ಮಕ್ಕಳ ಪುಸ್ತಕ ಹೊರಡಿಸುವವನಿಗೆ ಹಗುರಲ್ಲ. ಇನ್ನು ಪ್ರವೇಶ ಶುಲ್ಕ ಕೇಳುವ ಬಹುಮಾನಗಳಿವೆ. ನಿಮಗೆ ಪ್ರಶಸ್ತಿ ಬಂದಿದೆ, ನೋಂದಣಿಗೆ ಇಷ್ಟು ಹಣ ಕಳಿಸಿರೆಂದು ಪತ್ರ ಬರೆಯುವ ಸಂಸ್ಥೆಗಳೂ ಇವೆ. ಅಂಥ ಪತ್ರ ನಮ್ಮ ಶಾಲೆಯ ವಿಳಾಸಕ್ಕೂ ಬಂದಿತ್ತು. ನಮ್ಮ ಮುಖ್ಯಾಧ್ಯಾಪಕರು ಅದರ ಹಿಂಬದಿಯಲ್ಲಿ ಹಾಜರಿಯ ಲೆಕ್ಕ ಬರೆದರು.

ಇಷ್ಟೆಲ್ಲ ಸಣ್ಣವರ ಪರವಾಗಿ ಮಾತನಾಡಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳದಿದ್ದರೆ ನಮ್ಮ ತಕ್ಕಡಿಯೇ ವಾಲುತ್ತದೆ. ಸಣ್ಣದಾಗಿರುವುದು ತಾನಾಗಿಯೇ ಗುಣವಲ್ಲ. ಬಹುಮಾನದ ನಿಯಮಗಳನ್ನು ಬರೆಯುವ ಮೊದಲು ನಾವು ಕೆಲವು ಡಜನ್ ಮಕ್ಕಳ ಪುಸ್ತಕಗಳನ್ನು ತರಿಸಿ ಓದಿದೆವು. ಸಣ್ಣ ಪ್ರಕಾಶಕರ ಪುಸ್ತಕಗಳಲ್ಲಿ ಅಪೂರ್ವವಾದವು ಇದ್ದವು, ಪುಟಕ್ಕೆ ಹತ್ತು ತಪ್ಪಿರುವವೂ ಇದ್ದವು. ದೊಡ್ಡ ಸಂಸ್ಥೆಯಲ್ಲಿ ಸಂಪಾದಕರಿದ್ದಾರೆ, ಚಿತ್ರಕಾರರಿಗೆ ಸಂಭಾವನೆ ಸಲ್ಲುತ್ತದೆ, ಲೇಖಕನಿಗೆ ಗೌರವಧನದ ಲೆಕ್ಕ ಬರುತ್ತದೆ. ಸಣ್ಣ ಪ್ರಕಾಶನವೆಂಬ ಫಲಕದ ಹಿಂದೆ ಅನೇಕ ಸಲ ಇರುವುದು ಲೇಖಕನ ಸ್ವಂತ ಹಣ. ಪುಸ್ತಕ ಅಚ್ಚು ಹಾಕಿಸಲು ನಿವೃತ್ತ ಶಿಕ್ಷಕರು ಭವಿಷ್ಯನಿಧಿಯನ್ನು ಒಡೆದದ್ದನ್ನು ನಾವು ಬಲ್ಲೆವು. ಲೇಖಕನಿಂದ ಹಣ ಪಡೆದು ಹೆಸರು ಮಾತ್ರ ಅಚ್ಚು ಹಾಕಿಸಿಕೊಂಡವನಿಗೆ ‘ಸಣ್ಣ ಪ್ರಕಾಶಕ’ ಎಂಬ ಕರುಣೆ ಏಕೆ ಸಲ್ಲಬೇಕು? ಆದಕಾರಣ ಪ್ರಕಾಶಕನ ಪಾಲನ್ನು ಕೊಡುವ ಮುನ್ನ ಒಂದೇ ಒಂದು ಪ್ರಶ್ನೆಗೆ ಲೇಖಕನ ಸಹಿಯುಳ್ಳ ಉತ್ತರ ಬೇಕೆಂದು ಬರೆದಿದ್ದೇವೆ: ಈ ಪುಸ್ತಕದ ಮುದ್ರಣಕ್ಕೆ ಹಣ ಹಾಕಿದವರು ಯಾರು?

ಸಣ್ಣವರಿಗೆ ಬೇರೆಯೇ ಬಹುಮಾನವಿಡೋಣವೆಂಬ ಸೂಚನೆ ನಮ್ಮಲ್ಲಿ ಬಲವಾಗಿ ಬಂದಿತ್ತು. ಇಂಗ್ಲೆಂಡಿನಲ್ಲಿ ನೀಲ್ ಗ್ರಿಫಿತ್ಸ್ ಎಂಬ ಕಾದಂಬರಿಕಾರರು ಆರಂಭಿಸಿದ ‘ರಿಪಬ್ಲಿಕ್ ಆಫ್ ಕಾನ್ಷಸ್‌ನೆಸ್’ ಎಂಬ ಪ್ರಶಸ್ತಿ ಅಂಥದಾಗಿತ್ತು; ಪೂರ್ಣಕಾಲಿಕ ನೌಕರರು ಐವರಿಗಿಂತ ಹೆಚ್ಚಿಲ್ಲದ ಪ್ರಕಾಶಕರಿಗೆ ಮಾತ್ರ, ಹಣದಲ್ಲಿ ಲೇಖಕನ ಜೊತೆಗೆ ಪ್ರಕಾಶಕನಿಗೂ ಪಾಲು. ಇದನ್ನು ಚರ್ಚಿಸುವಾಗ ಕೊಲ್ಹಾಪುರದವರಾದ ನಮಗೆ ಕುಸ್ತಿ ನೆನಪಾಗದೆ ಇದ್ದೀತೆ? ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಜೋಡಿ ಹಚ್ಚುವ ಹಿರಿಯರು ಹುಡುಗನ ಮೈಕಟ್ಟು ನೋಡಿ, ಎದುರಾಳಿಯನ್ನು ನೋಡಿ, ಆಮೇಲೆ ಕೈ ಕೂಡಿಸುತ್ತಾರೆ. ಅರವತ್ತು ಕಿಲೋದವನನ್ನು ನೂರಹತ್ತರವನ ಮೇಲೆ ಬಿಡುವುದಿಲ್ಲ. ಪ್ರಕಾಶಕರಿಗೂ ಹಾಗೆಯೇ ತೂಕದ ವರ್ಗಗಳಿರಲಿ ಎಂದು ಕೆಲವರು ವಾದಿಸಿದರು.

ಬಹಳ ಹೊತ್ತು ಯೋಚಿಸಿ ನಾವು ಅದನ್ನು ಒಪ್ಪಲಿಲ್ಲ. ಕುಸ್ತಿಯಲ್ಲಿ ಮೈಗೆ ಮೈ ತಾಗುತ್ತದೆ, ಅಲ್ಲಿ ತೂಕವೇ ಬಲ. ಪುಸ್ತಕಗಳು ಒಂದನ್ನೊಂದು ಕೆಡವುವುದಿಲ್ಲ. ಮಗು ಒಂದನ್ನು ಮುಗಿಸಿ ಇನ್ನೊಂದನ್ನು ತೆರೆಯುತ್ತದೆ, ಹೊರಡಿಸಿದವನ ಬಳಿ ಎಷ್ಟು ನೌಕರರಿದ್ದಾರೆಂದು ಕೇಳುವುದಿಲ್ಲ. ಪುಟ ತೆರೆದ ಮೇಲೆ ಸಣ್ಣ ಪ್ರಕಾಶಕನ ಪುಸ್ತಕ ದೊಡ್ಡವನ ಪುಸ್ತಕಕ್ಕಿಂತ ಒಂದು ಗುಲಗಂಜಿಯೂ ಹಗುರವಲ್ಲ. ‘ಸಣ್ಣವರಲ್ಲಿ ಉತ್ತಮ’ ಎಂಬ ಬಹುಮಾನ ಕೊಟ್ಟರೆ ನಾವೇ ಅದನ್ನು ಹಗುರ ಮಾಡಿದಂತೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿ ಬೇರೆಯವರ ಜೊತೆಗೆ ಒಂದೇ ಪರೀಕ್ಷೆಯಲ್ಲಿ ಪಾಸಾದ ನಮಗೆ, ‘ಕನ್ನಡ ಶಾಲೆಯವರಾಗಿ ಪರವಾಗಿಲ್ಲ’ ಎಂಬ ಹೊಗಳಿಕೆಯ ರುಚಿ ಗೊತ್ತಿದೆ. ತೂಕದ ಲೆಕ್ಕವನ್ನು ಅಖಾಡದ ಒಳಗೆ ಹಿಡಿಯಬಾರದು, ಬಾಗಿಲಲ್ಲಿ ಹಿಡಿಯಬೇಕು ಎಂದು ನಮ್ಮ ತೀರ್ಮಾನ. ‘ಹಾರ್ಟ್ ಲ್ಯಾಂಪ್’ ಅನುವಾದಕ್ಕೆ 2024ರಲ್ಲಿ ನೆರವಿತ್ತ ಇಂಗ್ಲಿಷ್ ಪೆನ್ ಸಂಸ್ಥೆಯ ಪದ್ಧತಿ ಇಂಥದೇ. ಅನುವಾದದ ವೆಚ್ಚದಲ್ಲಿ ಸಾಮಾನ್ಯವಾಗಿ ನೂರಕ್ಕೆ 75ರವರೆಗೆ ಕೊಡುವ ಅವರು, ವಾರ್ಷಿಕ ವಹಿವಾಟು ಐದು ಲಕ್ಷ ಪೌಂಡಿಗಿಂತ ಕಡಿಮೆಯಿರುವ ಪ್ರಕಾಶಕನಿಗೆ ಪೂರ್ತಿ ವೆಚ್ಚವನ್ನೇ ಕೊಡುವುದನ್ನು ಪರಿಶೀಲಿಸುತ್ತಾರೆ. ಆರಿಸುವಾಗ ಗುಣವೇ ಅಳತೆ. ಹಣ ಕೊಡುವಾಗ ಮಾತ್ರ ಕೈ ಹಿಂಚುಮುಂಚು. ಆ ದೀಪ ಲಂಡನ್ನಿನವರೆಗೆ ಹೋಗಿ ಬೆಳಗುವುದಕ್ಕೆ ಈ ಎಣ್ಣೆಯೂ ಕಾರಣ.

ಇದರಂತೆ ನಮ್ಮ ನಿಯಮಗಳು ಹೀಗೆ ರೂಪುಗೊಂಡಿವೆ. ಅರ್ಜಿಯಿಲ್ಲ, ಶುಲ್ಕವಿಲ್ಲ, ಪುಕ್ಕಟೆ ಪ್ರತಿಯಿಲ್ಲ. ಪ್ರಕಾಶಕನು ಪುಸ್ತಕದ ಹೆಸರನ್ನು ಕಾರ್ಡಿನಲ್ಲಿ ಬರೆದು ತಿಳಿಸಿದರೆ ಸಾಕು. ತಿಳಿಸದಿದ್ದರೆ ನಮ್ಮ ಶಿಕ್ಷಕರು ತಾವೇ ಹುಡುಕುತ್ತಾರೆ. ಪರಿಶೀಲನೆಗೆ ಬಂದ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಶಾಲೆ ಹಣ ಕೊಟ್ಟು ಕೊಳ್ಳುತ್ತದೆ. ಬಹುಮಾನ ಯಾರಿಗೇ ಹೋಗಲಿ, ಆ ಪುಸ್ತಕಗಳೆಲ್ಲ ನಮ್ಮ ಗ್ರಂಥಾಲಯದಲ್ಲಿ ಉಳಿಯುತ್ತವೆ. ಒಬ್ಬ ಪ್ರಕಾಶಕನಿಂದ ವರ್ಷಕ್ಕೆ ಎರಡೇ ಪುಸ್ತಕ. ನೂರು ಹೊರಡಿಸಿದವನಿಗೂ ಎರಡು, ಎರಡು ಹೊರಡಿಸಿದವನಿಗೂ ಎರಡು. ದೊಡ್ಡವರಿಗೆ ಇದು ಅನ್ಯಾಯವಲ್ಲವೆ ಎಂದು ಕೇಳಿದವರಿದ್ದಾರೆ. ನೂರರಲ್ಲಿ ಉತ್ತಮವಾದ ಎರಡನ್ನು ಆರಿಸುವ ಅನುಕೂಲ ಅವರಿಗೆ ಇದ್ದೇ ಇದೆಯೆಂಬುದು ನಮ್ಮ ಉತ್ತರ. ನಿರ್ಣಾಯಕರಿಗೆ ಪುಸ್ತಕ ಹೋಗುವ ಮೊದಲು ಪ್ರಕಾಶಕರ ಹೆಸರಿನ ಮೇಲೆ ಕಾಗದ ಅಂಟಿಸುವ ಯೋಚನೆಯೂ ಇತ್ತು. ಮುಖಪುಟ ನೋಡಿದರೆ ಯಾರದೆಂದು ನಾಲ್ಕನೆಯ ಇಯತ್ತೆಯ ಹುಡುಗನೂ ಹೇಳುತ್ತಾನೆಂದು ಕೈಬಿಟ್ಟೆವು.

ಬಹುಮಾನದ ಹಣದಲ್ಲಿ ಅರ್ಧ ಲೇಖಕರಿಗೂ ಚಿತ್ರಕಾರರಿಗೂ ಸಲ್ಲುತ್ತದೆ. ಉಳಿದರ್ಧವನ್ನು ಪ್ರಕಾಶಕನಿಗೆ ನಗದಾಗಿ ಕೊಡುವುದಿಲ್ಲ, ಅದೇ ಪುಸ್ತಕದ ಪ್ರತಿಗಳನ್ನು ಕೊಂಡು ಕೊಡುತ್ತೇವೆ, ಹಣ ಮುಂಗಡವಾಗಿ. ಮರುಮುದ್ರಣದ ಕಾಗದಕ್ಕೆ ಅವನು ಸಾಲ ಮಾಡಬೇಕಾಗಬಾರದು. ಆ ಪ್ರತಿಗಳು ಗಡಹಿಂಗ್ಲಜ, ಜತ್ತ, ಅಕ್ಕಲಕೋಟೆಗಳ ಕಡೆಯ ಕನ್ನಡ ಶಾಲೆಗಳಿಗೆ ಹೋಗುತ್ತವೆ. ಸಾವಿರ ಪ್ರತಿ ಹಂಚಿದ ಅತ್ತಿಮಬ್ಬೆಯ ಮುಂದೆ ನಮ್ಮದು ಎಳ್ಳಷ್ಟು; ಮೊದಲ ವರ್ಷಕ್ಕೆ ಇನ್ನೂರು ಪ್ರತಿಗಳಿಗೆ ಸಾಲುವಷ್ಟು ಮಾತ್ರ ನಮ್ಮ ಕೈಯಲ್ಲಿದೆ.

ಒಂದು ಪ್ರಶ್ನೆಯನ್ನು ನಾವು ಬಗೆಹರಿಸಿಲ್ಲ. ಅದನ್ನು ತಮ್ಮ ಮುಂದಿಡುತ್ತೇವೆ. ನಿರ್ಣಾಯಕ ಮಂಡಳಿಯಲ್ಲಿ ಮೂವರು ಶಿಕ್ಷಕರಿರುತ್ತಾರೆ. ಮಕ್ಕಳ ಪುಸ್ತಕಕ್ಕೆ ಮಕ್ಕಳ ಮಾತು ಬೇಡವೆ ಎಂದು ಪಾಲಕರೊಬ್ಬರು ಕೇಳಿದರು. ಐದನೆಯ ಮತ್ತು ಏಳನೆಯ ಇಯತ್ತೆಯ ಇಬ್ಬಿಬ್ಬರು ಮಕ್ಕಳನ್ನು ಕೂರಿಸಬೇಕೆಂದು ನಮ್ಮಲ್ಲಿ ಕೆಲವರ ಮತ. ಬಣ್ಣದ ಚಿತ್ರ ಕಂಡೊಡನೆ ಅವರ ಮನಸ್ಸು ದೊಡ್ಡ ಪ್ರಕಾಶಕನ ಕಡೆಗೆ ವಾಲೀತೆಂದು ಉಳಿದವರ ಅಂಜಿಕೆ. ಪರೀಕ್ಷೆಗಾಗಿ ಕಳೆದ ತಿಂಗಳು ಎರಡು ಪುಸ್ತಕಗಳನ್ನು, ಬಣ್ಣದ್ದೊಂದು, ಕಪ್ಪು ಬಿಳುಪಿನದೊಂದು, ಗ್ರಂಥಾಲಯದ ಮೇಜಿನ ಮೇಲೆ ಹದಿನೈದು ದಿನ ಇರಿಸಿದ್ದೆವು. ಮೊದಲ ದಿನ ಎಲ್ಲರೂ ಬಣ್ಣದ ಪುಸ್ತಕಕ್ಕೆ ಮುಗಿಬಿದ್ದರು. ಹದಿನೈದನೆಯ ದಿನ ನೋಡಿದಾಗ ಹೊಲಿಗೆ ಬಿಚ್ಚಿ ಪುಟ ಮಡಿಚಿ ಎಣ್ಣೆಗೈಯ ಗುರುತು ಹತ್ತಿದ್ದು ಇನ್ನೊಂದಕ್ಕೆ. ಎರಡೂ ಪುಸ್ತಕಗಳನ್ನು ಸಭಾಮಂಟಪದ ಬಾಗಿಲ ಬಳಿ ಮೇಜಿನ ಮೇಲೆ ಇಟ್ಟಿದ್ದೇವೆ. ಊಟಕ್ಕೆ ಹೋಗುವ ಮುನ್ನ ತಾವು ನೋಡಬೇಕು, ಮಕ್ಕಳನ್ನು ಮಂಡಳಿಯಲ್ಲಿ ಕೂರಿಸಬೇಕೋ ಬೇಡವೋ ಎಂಬುದನ್ನು ಅಲ್ಲಿಟ್ಟಿರುವ ವಹಿಯಲ್ಲಿ ಬರೆಯಬೇಕೆಂದು ವಿನಂತಿಸುತ್ತೇವೆ.